ಒದ್ದೆ ಬೆರಳಿನ ರಂಗೋಲಿ

ಕೊಲ್ಲಿ ನಾಡಿನ ಫಿಂಟಾಸಿನ ಈ ಮನೆಯಲ್ಲಿ ಮೊಮ್ಮಗಳು ಕುಂಡದ ಕೆಮ್ಮಣ್ಣಿಗೆ ನೀರು ಹಾಕಿದಾಗಲೆಲ್ಲ ನಾನು ಬೆಳೆದ ಪಕ್ಕದೂರು ಅಬು ಹಲೀಫಾದ ಒಂದು ಮಧ್ಯಾಹ್ನ ನನ್ನೆದುರು ಬಂದು ಕೂರುತ್ತದೆ.

ಎರಡರಿಂದ ನಾಲ್ಕು ನಮ್ಮಲ್ಲಿ ಮಲಗುವ ಹೊತ್ತು. ಆ ದಿನ ಮಾತ್ರ ಅವ್ವ ನನ್ನನ್ನು ಎದುರು ಮನೆಗೆ ಕರೆದೊಯ್ದಳು. ಅಲ್ಲಿದ್ದವರು ಆಸ್ಟ್ರೇಲಿಯಾದ ಮೂಲನಿವಾಸಿ, ನರ್ಸ್ ಆಂಟಿ. ಪರದೆ ಎಳೆದ ಕೋಣೆಯಲ್ಲಿ, ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಕಡ್ಡಿಯಿಂದ ಬಿಳಿ ಚುಕ್ಕಿ ಇಡುತ್ತಿದ್ದರು. ನನಗೂ ಒಂದು ಮೂಲೆ ಕೊಟ್ಟರು. ನಾನು ಗೋಡೆಯ ಕ್ಯಾಲೆಂಡರ್ ನೋಡಿ, ಅದರ ಚಿತ್ರದಲ್ಲಿದ್ದಂತೆ ಒತ್ತೊತ್ತಾಗಿ, ಒಂದನ್ನೊಂದು ದಾಟುವ ಅಡ್ಡಗೆರೆ ಎಳೆದೆ.

ಆಂಟಿ ಮೆಲ್ಲಗೆ ನನ್ನ ಕೈ ಹಿಡಿದರು. "ಆ ಗೆರೆ ಉತ್ತರದ ಕಡಲತೀರದವರದು, ಮಗೂ. ನಾವು ಮರುಭೂಮಿಯವರು, ನಮ್ಮದು ಚುಕ್ಕಿ. ಅವರನ್ನು ಕೇಳದೆ ನಾನೂ ಅದನ್ನು ಬಿಡಿಸುವಂತಿಲ್ಲ."

ಅವರ ಇಂಗ್ಲಿಷನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ನಕ್ಕಳು.

"ಖರೇ ಐತಿ. ನಾ ಲಗ್ನಾಗಿ ಬಂದ ದಿನಾನ ನಿಮ್ಮಜ್ಜಿ ಹೇಳಿದ್ರು, ತವರಿನ ರಂಗೋಲಿ ಈ ಮನಿ ಬಾಗಲಿಗೆ ಬ್ಯಾಡ ಅಂತ. ಅದನ್ನ ಹಾಕಿ ಹತ್ತು ವರ್ಷಾತು."

"ನಿನಗ ಆ ರಂಗೋಲಿ ಇನ್ನೂ ನೆನಪೈತೇನವ್ವ?"

ಅವ್ವ ಮನೆಗೆ ಬಂದವಳೇ ತಂಬಿಗೆಯ ನೀರಲ್ಲಿ ಬೆರಳದ್ದಿ, ಬಾಲ್ಕನಿಯ ಕಾದ ನೆಲದ ಮೇಲೆ ರಂಗೋಲಿಯ ಎಳೆ ಎಳೆಯತೊಡಗಿದಳು. ಎಲ್ಲೂ ತಡೆಯಲಿಲ್ಲ. ಎಳೆ ಸುತ್ತಿ ಬಳಸಿ ಕೊನೆಗೆ ಬರುವಷ್ಟರಲ್ಲಿ ಮೊದಲಿನ ತುದಿ ಒಣಗಿತ್ತು.

"ಪೂರಾ ಐತಿ," ಎಂದಳು, ಬೆರಳು ಒರೆಸಿಕೊಳ್ಳುತ್ತ.

ನಾಲ್ಕಕ್ಕೆ ಸರಿಯಾಗಿ ಅಪ್ಪ ಬಂದರು. ಅವ್ವ ಚಹಾಕ್ಕೆ ಇಟ್ಟಿದ್ದಳು. ಅಪ್ಪ ಬಾಲ್ಕನಿಯ ಬರಿನೆಲದ ಮೇಲೆ ನಡೆದುಹೋದರು. ನಾನು ಆ ಜಾಗವನ್ನು ತುಳಿಯದೆ ಸುತ್ತಿಕೊಂಡು ಹೋದೆ.