ಬಿಸಿ ಕಾಫಿಯ ಅರ್ಥಶಾಸ್ತ್ರ

“ಮತ್ತೆ ಹೋಗಿ ಕೇಳ್ಕೊಂಡು ಬನ್ನಿ,” ಎಂದು ಪ್ರೊಫೆಸರ್ ಪ್ರಬಂಧವನ್ನು ತಮ್ಮ ಸಂಶೋಧನಾ ವಿದ್ಯಾರ್ಥಿನಿಯ ಕಡೆಗೆ ತಳ್ಳಿದರು.

ಇದು ಮೂರನೆಯ ಸಲ. ಸರ್ಕಾರ ಕನಿಷ್ಠ ಕೂಲಿ ಏರಿಸಿದ ಮೇಲೆ ಎಷ್ಟು ಜನ ಕೆಲಸ ಕಳೆದುಕೊಂಡರು ಎಂದು ತಿಳಿಯಲು ಆಕೆ ಊರಿನ ಹೋಟೆಲುಗಳಿಗೆಲ್ಲ ಎಡತಾಕಿದ್ದಳು. ಆ ಅರ್ಥಶಾಸ್ತ್ರ ವಿಭಾಗದವರು ಹೀಗೆ ಬೀದಿ ಅಲೆಯುವುದನ್ನು ಮುಂದೆ ಆಕೆಯಿಂದಲೇ ಕಲಿತರು; ಆಗ ಎಲ್ಲರೂ ಕೋಣೆಯಲ್ಲಿ ಕೂತು ಗೆರೆ ಎಳೆಯುತ್ತಿದ್ದರು. ಹೋಟೆಲಿನವರಿಗಂತೂ ಸಾಕುಸಾಕಾಗಿತ್ತು. “ನೀವೇ ಕೆಲಸಕ್ಕೆ ಸೇರ್ಕೊಂಡ್ಬಿಡಿ ಅಮ್ಮಾ, ದಿನಾ ಬಂದು ಹೋಗೋ ತಾಪತ್ರಯ ತಪ್ಪುತ್ತೆ,” ಎಂದಿದ್ದ ಒಬ್ಬ ಮಾಲೀಕ.

“ಸರ್, ಯಾರನ್ನೂ ತೆಗೆದಿಲ್ಲ. ಇನ್ನೂ ಹೊಸಬರನ್ನ ತಗೊಂಡಿದ್ದಾರೆ. ಹಳೇ ಸಂಬಳಕ್ಕೆ ಯಾರೂ ನಿಲ್ತಿರಲಿಲ್ಲ, ಈಗ ನಿಲ್ತಿದ್ದಾರೆ.”

“ಆಗೋ ಮಾತಾ ಇದು?” ಪ್ರೊಫೆಸರ್ ಕರಿಹಲಗೆ ತೋರಿಸಿದರು. ಅಲ್ಲಿ ಬೇಡಿಕೆ, ಪೂರೈಕೆಯ ಎರಡು ಗೆರೆಗಳು ಕತ್ತರಿಯ ಹಾಗೆ ಕೂಡಿದ್ದವು. “ಕೂಲಿ ಏರಿದ್ರೆ ಆಳು ಕಡಿಮೆ ಆಗಲೇಬೇಕು. ಅವರು ಸುಳ್ಳು ಹೇಳಿರ್ಬೇಕು, ಇಲ್ಲಾ ನೀವು ತಪ್ಪು ಎಣಿಸಿರ್ಬೇಕು.”

ಊರಿಗೆ ಊರೇ ಸೇರಿ ಸುಳ್ಳು ಹೇಳುತ್ತದೆಯೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಈ ತಿಂಗಳು ಇವರ ಸಹಿ ಬೀಳದಿದ್ದರೆ ಫೆಲೋಶಿಪ್ ನಿಲ್ಲುತ್ತದೆ, ಸಂಶೋಧನೆಗೂ ಅಲ್ಲಿಗೇ ಎಳ್ಳುನೀರು. ತಲೆ ಚಿಟ್ಟುಹಿಡಿದಿತ್ತು. ಗೋಡೆಗೆ ಹೇಳಿದ್ದರೆ ಅದಾದರೂ ಸುಮ್ಮನೆ ಕೇಳುತ್ತಿತ್ತು. ಈ ಮಹಾನುಭಾವರು ತಿರುಗಿ ಪಾಠ ಮಾಡುತ್ತಾರೆ.

ಅಷ್ಟರಲ್ಲಿ ಕ್ಯಾಂಟೀನಿನ ಹೆಂಗಸು ಬಂದು ಎರಡು ಲೋಟ ಕಾಫಿ ಇಟ್ಟು ಹೋದಳು. ಒಂದು ಗುಟುಕು ಕುಡಿದ ಪ್ರೊಫೆಸರರ ಮುಖ ಅರಳಿತು.

“ಇದು ನೋಡಿ ಕಾಫಿ ಅಂದ್ರೆ. ಮೊದಲು ಇಡೀ ಕಟ್ಟಡಕ್ಕೆ ಒಬ್ಬನೇ ಇದ್ದ. ನನ್ನ ರೂಮಿಗೆ ಬರೋ ಹೊತ್ತಿಗೆ ತಣ್ಣಗಾಗಿರೋದು. ಈಗ ಈಕೆನೂ ಸೇರ್ಕೊಂಡಿದ್ದಾಳೆ, ಬಿಸಿಬಿಸಿ ಬರುತ್ತೆ.”

“ಯಾವಾಗಿಂದ ಸರ್?”

“ಅದೇ, ಸಂಬಳ ಜಾಸ್ತಿ ಮಾಡಿದ್ರಲ್ಲ, ಆಗಿನಿಂದ. ಅದಕ್ಕೆ ಮುಂಚೆ ಬಂದೋರೆಲ್ಲ ವಾರಕ್ಕೇ ಓಡಿಹೋಗ್ತಿದ್ರು.”

ಆಕೆ ಚೀಲದಿಂದ ಖಾಲಿ ಪ್ರಶ್ನಾವಳಿಯೊಂದನ್ನು ತೆಗೆದು ಬರೆಯತೊಡಗಿದಳು.

“ಏನಮ್ಮಾ ಬರೀತಿದ್ದೀರಿ?”

“ನೀವು ಹೇಳಿದ್ದನ್ನೇ ಸರ್.” ಹಾಳೆಯನ್ನು ತಿರುಗಿಸಿ ಅವರ ಮುಂದಿಟ್ಟಳು. “ಪ್ರಬಂಧಕ್ಕೆ ಆಮೇಲೆ ಸಹಿ ಹಾಕಿದ್ರೂ ಆಯ್ತು. ಮೊದಲು ಇಲ್ಲಿ ಹಾಕಿ, ಹೇಳಿಕೆ ಕೊಟ್ಟವರ ಜಾಗದಲ್ಲಿ.”

ಪ್ರೊಫೆಸರ್ ಹಾಳೆ ನೋಡಿದರು, ಕರಿಹಲಗೆ ನೋಡಿದರು, ಮತ್ತೆ ಹಾಳೆ ನೋಡಿದರು. ಬಹಳ ದಿನಗಳ ಮೇಲೆ ಆ ಕೋಣೆಯಲ್ಲಿ ಕಾಫಿ ತಣ್ಣಗಾಯಿತು.