ಇನ್ನೊಂದು ಕ್ರಾಯ್ಡನ್

ಲೈಬ್ರರಿಗೆ ಹೋಗಿ ಬರುತ್ತೇವೆಂದು ಮೊಮ್ಮಗಳ ಕೈ ಹಿಡಿದು ಹೊರಟ ಪ್ರಫುಲ್ಲಾ, ಲೈಬ್ರರಿಯನ್ನು ದಾಟಿ ನೇರ ಎಪ್ಪಿಂಗ್ ಸ್ಟೇಷನ್ನಿಗೆ ನಡೆದರು. ಸ್ಟ್ರಾತ್‌ಫೀಲ್ಡಿನಲ್ಲಿ ರೈಲು ಬದಲಾಯಿಸಿದರು. ಕ್ರಾಯ್ಡನ್ ಎಂಬ ಬೋರ್ಡು ಕಾಣುವ ಮೊದಲೇ ಎದ್ದು ಬಾಗಿಲ ಬಳಿ ನಿಂತರು.

ಹಿಂದಿನ ಶನಿವಾರ ಮಗ ಸುಕೇಶ್ ಸಿಡ್ನಿ ತೋರಿಸಲು ಕರೆದೊಯ್ದಾಗ ರೈಲಿನ ನಕಾಶೆಯಲ್ಲಿ ಆ ಹೆಸರು ಕಣ್ಣಿಗೆ ಬಿದ್ದಿತ್ತು. ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತಿದ್ದರು, ಮಾತಿನ ನಡುವೆ ಎದ್ದು ಹೋಗಿ ಕಿಟಕಿಯಲ್ಲಿ ನಿಂತಿದ್ದರು. ಇದು ಸಿಡ್ನಿಯ ಕ್ರಾಯ್ಡನ್. ತಾನು ಚಿಕ್ಕಂದಿನಲ್ಲಿ ಇದ್ದದ್ದು ಲಂಡನ್ನಿನ ಅಂಚಿನ ಕ್ರಾಯ್ಡನ್. ಎರಡರ ನಡುವೆ ಅರ್ಧ ಭೂಮಿ ಇದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದರು.

ಜುಲೈ ಎಂದರೆ ಇಲ್ಲಿ ಚಳಿಗಾಲ. ಕೆಂಪು ಇಟ್ಟಿಗೆಯ ಮನೆಗಳು, ಮುಂದೆ ಗೇಟು, ಗುಲಾಬಿ ಗಿಡ. ಯಾರದೋ ಚಿಮಣಿಯಿಂದ ಹೊಗೆ ಬರುತ್ತಿತ್ತು. ಆ ವಾಸನೆ ಮೂಗಿಗೆ ತಾಗಿದ್ದೇ ಅವರ ನಡಿಗೆ ಬಿರುಸಾಯಿತು. ಒಂದು ಬೀದಿ ಮುಗಿಸಿ ಇನ್ನೊಂದಕ್ಕೆ ತಿರುಗಿದರು, ಮತ್ತೆ ಮೊದಲಿನದಕ್ಕೇ ಬಂದರು.

"ಅಜ್ಜಿ, ಆರ್ ವಿ ಲಾಸ್ಟ್?" ಎಂಟು ವರ್ಷದ ಅಪೇಕ್ಷಾ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದು ಕಷ್ಟ.

"ಇಲ್ಲ ಮಗಾ. ಸ್ವಲ್ಪ ನಡೆಯುವ."

"ಈ ಸ್ಟ್ರೀಟ್ ಆಲ್ರೆಡಿ ನೋಡಿದ್ವಿ."

ಪ್ರಫುಲ್ಲಾ ನಿಂತರು. ಒಂದು ಮನೆಯ ಗಿಡ್ಡ ಕಾಂಪೌಂಡಿನ ಮೇಲೆ ಕೂತು, ಮಗುವನ್ನೂ ಪಕ್ಕಕ್ಕೆ ಎಳೆದುಕೊಂಡರು. "ನಾನು ನಿನ್ನಷ್ಟಿರುವಾಗ ಇದೇ ಹೆಸರಿನ ಊರಲ್ಲಿದ್ದೆ. ಇಂಗ್ಲೆಂಡಿನಲ್ಲಿ. ಅಪ್ಪ ಅಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು."

"ರಿಯಲಿ? ಹೇಗಿತ್ತು?"

ಹೇಗಿತ್ತೆಂದು ಹೇಳತೊಡಗಿದಾಗ ಅವರಿಗೇ ಆಶ್ಚರ್ಯವಾಗುವಷ್ಟು ನೆನಪಿತ್ತು. ಯುದ್ಧ ಮುಗಿದು ಕೆಲವೇ ವರ್ಷ. ಬೀದಿಯಲ್ಲಿ ಬಾಂಬು ಬಿದ್ದು ಮೂರು ಮನೆಗಳ ಜಾಗ ಬೋಳಾಗಿತ್ತು. ಉಳಿದ ಒಂದು ಗೋಡೆಯಲ್ಲಿ, ಮಹಡಿಯ ಎತ್ತರದಲ್ಲಿ, ಹೂವಿನ ಚಿತ್ರದ ಗೋಡೆಕಾಗದ ಇನ್ನೂ ಅಂಟಿಕೊಂಡಿತ್ತು. ಅದರ ಕೆಳಗೆ ಮಕ್ಕಳೆಲ್ಲ ಮನೆಯಾಟ ಆಡುತ್ತಿದ್ದರು. ಮಿಠಾಯಿಗೆ ರೇಷನ್. ದಿನಾ ಒಂದು ಚಮಚ ಮೀನೆಣ್ಣೆ. ಕುಡಿಯುವಾಗ ಮೂಗು ಮುಚ್ಚಿಕೊಳ್ಳಬೇಕು.

"ಯಕ್," ಎಂದು ಅಪೇಕ್ಷಾ ನಕ್ಕಳು. "ಯಾರ ಜೊತೆ ಆಡ್ತಿದ್ರಿ?"

"ಬೀದಿಯ ಮಕ್ಕಳ ಜೊತೆ. ಮತ್ತೆ ನನಗೊಬ್ಬ ತಮ್ಮ ಇದ್ದ. ಪ್ರೇಮನಾಥ ಅಂತ. ಅಲ್ಲೇ ಹುಟ್ಟಿದ್ದು."

ಆ ಹೆಸರು ಬಾಯಿಂದ ಹೊರಬಿದ್ದಿತ್ತು. ಐವತ್ತು ವರ್ಷಕ್ಕೂ ಮೇಲಾಗಿತ್ತು ಅದನ್ನು ಹೇಳಿ. ಅವನು ಹುಟ್ಟಿದ ವರ್ಷದ ಚಳಿಗಾಲದಲ್ಲಿ ಕಲ್ಲಿದ್ದಲ ಹೊಗೆ ಮಂಜಿನೊಂದಿಗೆ ಬೆರೆತು ಊರ ಮೇಲೆ ಕೂತುಬಿಟ್ಟಿತ್ತು. ಹಗಲಲ್ಲೂ ಚಾಚಿದ ಕೈ ಕಾಣುತ್ತಿರಲಿಲ್ಲ. ಮಗುವಿಗೆ ಉಸಿರಾಡಲು ಕಷ್ಟವಾಯಿತು. ಆಸ್ಪತ್ರೆಗೆ ಹೋಗಿದ್ದ ಅಪ್ಪ, ಬಸ್ಸು ನಿಂತುಹೋದ್ದರಿಂದ ಗೋಡೆ ಸವರಿಕೊಂಡು ನಡೆದು ಮನೆ ಮುಟ್ಟಿದಾಗ ಮರುದಿನವಾಗಿತ್ತು. ಬಾಗಿಲು ತೆರೆದ ಅಮ್ಮನ ಕೈ ಖಾಲಿಯಿತ್ತು. ಅಲ್ಲಿಯ ಸ್ಮಶಾನದ ಒಂದು ಮೂಲೆಯಲ್ಲಿ ಮಣ್ಣು ಮಾಡಿದರು. ಮರುವರ್ಷ ಉಡುಪಿಗೆ ಮರಳುವಾಗ ಹಡಗಿನಲ್ಲಿ ಅಮ್ಮ ಹೇಳಿದ್ದಳು: "ಊರಲ್ಲಿ ಅವನ ಸುದ್ದಿ ತೆಗೆಯಬೇಡ. ನನ್ನಿಂದ ಆಗುವುದಿಲ್ಲ." ತೆಗೆಯಲಿಲ್ಲ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಅಮ್ಮ "ಒಬ್ಬಳೇ" ಎನ್ನುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೂ ಆ ಮಾತು ನಡೆಯಿತು. ಪ್ರಫುಲ್ಲಾ ಗಂಡನಿಗೆ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಈಗ ಅವನನ್ನು ಕಂಡವರು ಭೂಮಿಯ ಮೇಲೆ ತಾನೊಬ್ಬಳೇ. ತಾನೂ ಹೋದರೆ ಅವನು ಹುಟ್ಟಿಯೇ ಇರಲಿಲ್ಲ ಎಂದಾಗುತ್ತದೆ. ಈ ವಾರವಿಡೀ ಅವರನ್ನು ಕೂರಲು ಬಿಡದಿದ್ದದ್ದು ಇದೇ.

ಇದರಲ್ಲಿ ಮೊಮ್ಮಗಳಿಗೆ ಹೇಳಬಹುದಾದಷ್ಟನ್ನು ಹೇಳಿದರು. ಅಪೇಕ್ಷಾ ಕಾಲು ಆಡಿಸುವುದನ್ನು ನಿಲ್ಲಿಸಿ ಕೇಳಿದಳು.

"ಅವನಿಗೆ ಹಲ್ಲು ಬಂದಿತ್ತಾ?"

ಪ್ರಫುಲ್ಲಾ ತಿರುಗಿ ನೋಡಿದರು. ಅವನ ಬಗ್ಗೆ ಯಾರೂ ಅವರನ್ನು ಈವರೆಗೆ ಏನೂ ಕೇಳಿರಲಿಲ್ಲ. "ಕೆಳಗೆ ಎರಡು ಬಂದಿತ್ತು," ಎಂದರು. "ನನ್ನ ಬೆರಳು ಕಚ್ಚುತ್ತಿದ್ದ. ನಾನು ಕಿರುಚಿದರೆ ನಗುತ್ತಿದ್ದ." ಸೆರಗಿನಿಂದ ಮುಖ ಒರೆಸಿಕೊಂಡರು.

ಚೀಲದೊಳಗೆ ಮೊಬೈಲ್ ಹೊಡೆದುಕೊಂಡಿತು. ಸುಕೇಶ್. ಆಫೀಸಿನಿಂದ ಬೇಗ ಬಂದು ಲೈಬ್ರರಿಗೆ ಹೋಗಿದ್ದನಂತೆ. "ಅಮ್ಮಾ, ಎಲ್ಲಿದ್ದೀರಿ ನೀವು? ಹುಡುಕಿ ಹುಡುಕಿ ಸಾಕಾಯ್ತು. ಪೊಲೀಸಿಗೆ ಫೋನ್ ಮಾಡೋದರಲ್ಲಿದ್ದೆ."

"ಕ್ರಾಯ್ಡನ್ನಿನಲ್ಲಿ," ಎಂದರು ಪ್ರಫುಲ್ಲಾ.

"ಕ್ರಾಯ್ಡನ್? ಅಲ್ಲಿ ಎಂತ ಉಂಟು? ಯಾರಿದ್ದಾರೆ ನಮಗೆ ಅಲ್ಲಿ?"

ಅಪೇಕ್ಷಾ ಫೋನನ್ನು ಅಜ್ಜಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಪಪ್ಪಾ, ಅಜ್ಜಿ ತಮ್ಮನ ಬಗ್ಗೆ ಹೇಳ್ತಾ ಇದ್ದಾರೆ."

"ಯಾವ ತಮ್ಮ? ಅಜ್ಜಿಗೆ ತಮ್ಮ ಇಲ್ಲ ಪುಟ್ಟಿ."

ಅಪೇಕ್ಷಾ ಅಜ್ಜಿಯ ಮುಖ ನೋಡಿದಳು. 'ಇದ್ದ' ಎನ್ನಬೇಕಾದಲ್ಲಿ ಅವಳ ಕನ್ನಡ ಒಮ್ಮೊಮ್ಮೆ ಎಡವುತ್ತಿತ್ತು.

"ಇದ್ದಾನೆ ಪಪ್ಪಾ," ಎಂದಳು.

ಪ್ರಫುಲ್ಲಾ ಅವಳನ್ನು ತಿದ್ದಲಿಲ್ಲ.