ಹರಕೆಯ ಫಟಫಟಿ

"ನನ್ನ ಫಟಫಟಿ ಮಠಕ್ಕ ಕೊಡ್ತೇನಂತ ಹರಕಿ ಹೊರಾಕ ನೀ ಯಾರ ಬೇ?" ಅಮೋಘಸಿದ್ದ ಗುಡುಗಿದ.

"ನಿಮ್ಮ ಹೆಂಡ್ತಿ! ಹೊಳಿ ನೋಡಾಕ ಹೋಗಿ, ಫಟಫಟಿ ಮ್ಯಾಲಿಂದ ಬಿದ್ದು ಕಾಲು ಮುರ್ಕೊಂಡ್ರಿ. ಕಾಲು ಕೂಡಿದ್ರ ಕೊಡ್ತೇನಂತ ಬೇಡ್ಕೊಂಡಿದ್ದೆ. ಕೂಡೇತಿ. ನಾಳೆ ಮಠದವರು ಒಯ್ತಾರ," ಎಂದಳು ನಿಂಬೆವ್ವ.

"ರಜಾಕಾರರ ಗದ್ದಲ ಮುಗಿದು ದಾರಿ ತೆರೆದೈತಿ, ಅಫಜಲಪುರದಾಗ ಭೀಮಾ ತುಂಬ್ಯಾಳ. ಅದನ್ನ ನೋಡ್ಬೇಕಂತ ಹಲ್ಲು ಕಡ್ಕೊಂಡು ಹಾಸಿಗಿ ಹಿಡಿದಿದ್ದೆ!"

ಅವನು ಫಟಫಟಿ ಮೋಟಾರು ಸೈಕಲ್ಲಿನ ಹಿಡಿಕೆ ಹಿಡಿದ. ಆದರೆ ದೇವರಿಗೆ ಹೊತ್ತ ಗಾಡಿಯನ್ನು ಒದ್ದು ಚಾಲೂ ಮಾಡಲು ಕಾಲು ಮೇಲೇಳಲಿಲ್ಲ. ಅದನ್ನು ಗೋಡೆಗೆ ನೂಕಿದ.

"ಗಾಡಿ ಮಠದ್ದಾಗ್ಲಿ. ಕಾಲು ನಂದು!" ಎಂದವನೇ ಕುಂಟುತ್ತ ಅಫಜಲಪುರದ ದಾರಿ ಹಿಡಿದ.

ಊರುಗೋಲು ಬಾಗಿಲ ಹಿಂದೆಯೇ ಇತ್ತು. ಅದಕ್ಕಾದರೂ ತಿರುಗಿ ಬಂದಾನೆಂದು ನಿಂಬೆವ್ವ ಹೊಸ್ತಿಲಲ್ಲಿ ಕಾದಳು. ಅವನು ಬರಲಿಲ್ಲ.